ಗೌರಿಹಬ್ಬದ ಎಡೆ ಉಂಡ ಕುದುರೆ

ನನ್ನ ಗಂಡ ರೇಸ್ ಕುದುರೆಗಳ ಟ್ರೈನರ್. ಹುಡುಗನಾಗಿದ್ದಾಗ ಲಾಯ ಗುಡಿಸುವ ಕೆಲಸಕ್ಕೆ ಸೇರಿ, ಬಹಳ ವರ್ಷಗಳ ಮೇಲೆ ಲೈಸೆನ್ಸ್ ಪಡೆದವರು. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ನಮಗಿದ್ದದ್ದು ಮೂರೇ ಲಾಯ. ಥರೋಬ್ರೆಡ್ ಎನ್ನುವ ಅಸಲಿ ರೇಸ್ ತಳಿಯವೇ ಆದರೂ ನಮ್ಮಲ್ಲಿಗೆ ಬರುತ್ತಿದ್ದವು ದೊಡ್ಡವರು ಬೇಡವೆಂದು ಬಿಟ್ಟ, ಅಗ್ಗಕ್ಕೆ ಸಿಕ್ಕ ಕುದುರೆಗಳು. ಅಂಥದ್ದೊಂದು ಕಂದು ಹೆಣ್ಣು ಕುದುರೆಗೆ ಮುಂಗಾಲು ಸ್ವಲ್ಪ ಒಳಕ್ಕೆ ತಿರುಗಿತ್ತು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ಸಾಹೇಬರೊಬ್ಬರು ಅದರ ಮಾಲೀಕರು.

ಮೈಸೂರಿನಲ್ಲಿ ರೇಸ್ ಇದ್ದಾಗ ಕುದುರೆ ಲಾರಿ ಕೆಂಗಲ್ ದಾಟಿದ ಮೇಲೆ ನಮ್ಮ ಊರಿನ ಮನೆಯ ಮುಂದೆ ನಿಲ್ಲುತ್ತಿತ್ತು. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ಕಾಲ ಅದು. ಧೂಳಿನಲ್ಲಿ ನಿಂತು ನಿಂತು ಬರುವ ಕುದುರೆಯನ್ನು ಇಳಿಸಿ, ನೀರು ಕುಡಿಸಿ, ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ ಮತ್ತೆ ಹತ್ತಿಸುತ್ತಿದ್ದೆವು.

ಆ ವರ್ಷ ರೇಸಿನ ಹಿಂದಿನ ದಿನವೇ ಗೌರಿಹಬ್ಬ. ನಮ್ಮ ಮನೆಯಲ್ಲಿ ಹಬ್ಬದ ದಿನ ಮೊದಲ ಎಡೆ ಕೊಟ್ಟಿಗೆಗೆ. ದನ ಉಂಡ ಮೇಲೆಯೇ ಮನೆಯವರು ಉಣ್ಣುವುದು. ಆದರೆ ಹಿಪ್ಪುನೇರಳೆ ತೋಟವೂ ಗೋಮಾಳವೂ ಊರ ಪಕ್ಕ ಬಂದ ಫ್ಯಾಕ್ಟರಿಗೆ ಹೋಗಿದ್ದವು. ಮೇವಿಲ್ಲದೆ ಕೊನೆಯ ಹಸುವನ್ನು ಬೇಸಿಗೆಯಲ್ಲಿ ಮಾರಿದ್ದೆವು. ನಾನು ಅಡುಗೆಮನೆಯಿಂದ ಬಂದಾಗ ಅತ್ತೆ ಎಡೆ ಹಿಡಿದುಕೊಂಡು ಖಾಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಅಷ್ಟರಲ್ಲಿ ಗಂಡ ಕುದುರೆ ಲಾರಿಯಲ್ಲಿ ಬಂದರು.

ಕುದುರೆ ಇಳಿಯುತ್ತಿದ್ದ ಹಾಗೆ ಅತ್ತೆ ಅದರ ಮುಂದೆ ಹೋದರು.

"ಬ್ಯಾಡ ಕಣವ್ವ, ನಾಳೆ ಓಡ್ಬೇಕು ಅದು" ಎಂದರು ನನ್ನ ಗಂಡ.

"ಓಡ್ಲಿ ಅಂತಲೇ ಕಣ್ಲಾ ಕೊಡದು. ಹಬ್ಬದಲ್ಲಿ ಮನೆ ಬಾಗ್ಲಿಗೆ ಬಂದಿರೋ ಜೀವ."

ಗಂಡ ಇಣುಕಿ ನೋಡಿದರು. ಪಾಯಸ. ಬೆಲ್ಲ, ಕಾಯಿ. ಬೆಲ್ಲವನ್ನು ನಾವೂ ಕುದುರೆಗೆ ಕೊಡುತ್ತಿದ್ದೆವು. "ಆಯ್ತು, ಒಸಿ ಕೊಡು" ಎಂದು ಹಗ್ಗ ಹಿಡಿದು ನಗುತ್ತಾ ನಿಂತರು. ಕುದುರೆ ಎಲೆಯನ್ನೂ ಬಿಡಲಿಲ್ಲ. ಅತ್ತೆ ಒಳಗೆ ಹೋಗಿ ಇನ್ನೂ ಒಂದು ಪಾತ್ರೆ ತಂದರು.

ಮಾರನೆಯ ದಿನ ಮೈಸೂರಿನಲ್ಲಿ ಕುದುರೆ ಗೆದ್ದಿತು. ಗೆದ್ದ ಕುದುರೆಯ ಮೂತ್ರ ಪರೀಕ್ಷೆಗೆ ಹೋಗುವುದು ನಿಯಮ. ಕೆಲವು ವಾರಗಳ ಮೇಲೆ ಗಂಡನಿಗೆ ಫೋನ್ ಬಂತು. ಮಾತು ಮುಗಿದ ಮೇಲೂ ಅವರು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದರು. ಆಮೇಲೆ ಹೇಳಿದರು: "ಕುದ್ರೆ ಮೂತ್ರದಲ್ಲಿ ಮಾರ್ಫಿನ್ ಸಿಕ್ತಂತೆ."

ಅದು ಅಫೀಮಿನ ಅಂಶ. ಬೇಕೆಂದೇ ಕೊಟ್ಟದ್ದು ಎಂದು ತೀರ್ಮಾನವಾದರೆ ಲೈಸೆನ್ಸ್ ಜೀವಮಾನಕ್ಕೆ ಹೋಗುತ್ತದೆ. ನಾವಿಬ್ಬರೂ ಹುರುಳಿ, ಓಟ್ಸ್, ಹುಲ್ಲು ಎಲ್ಲವನ್ನೂ ನೆನೆದು ನೋಡಿದೆವು. ಏನೂ ಹೊಳೆಯಲಿಲ್ಲ. ಕೊನೆಗೆ ನಮ್ಮ ಲಾಯಕ್ಕೆ ಬರುತ್ತಿದ್ದ ಪಶುವೈದ್ಯರು ದಾರಿಯುದ್ದಕ್ಕೂ ನಡೆದದ್ದನ್ನೆಲ್ಲ ಕೇಳಿ, "ಏನು ಪಾಯಸ?" ಎಂದರು.

"ಗಸಗಸೆ ಪಾಯಸ" ಎಂದೆ.

ವೈದ್ಯರು ಹಣೆ ಒತ್ತಿಕೊಂಡರು. ಗಸಗಸೆ ಅಫೀಮಿನ ಗಿಡದ್ದೇ ಬೀಜ ಎಂದು ಅವರು ಹೇಳಿದ ಮೇಲೆ ನಮಗೆ ಗೊತ್ತಾಯಿತು. ಮನುಷ್ಯರಾದರೆ ಉಂಡು ಒಂದು ನಿದ್ದೆ ತೆಗೆಯುತ್ತೇವೆ, ಅಷ್ಟೆ. ಪರೀಕ್ಷೆಗೆ ಒಂದು ಕಣವೂ ಸಾಕು.

ರೇಸ್ ಕ್ಲಬ್ಬಿನ ವಿಚಾರಣೆಗೆ ಅತ್ತೆಯನ್ನು ಕರೆದೊಯ್ಯಲು ಗಂಡನಿಗೆ ಇಷ್ಟವಿರಲಿಲ್ಲ. "ಅವ್ವನ್ನ ಕಟಕಟೆ ಹತ್ತಿಸ್ಲಾ?" ಎಂದರು. ಆದರೆ ಉಣಿಸಿದವರೇ ಬಂದು ಹೇಳಬೇಕೆಂದು ವೈದ್ಯರು ಹಟ ಹಿಡಿದರು. ಪಾಯಸದ ವಿಷಯ ಕೇಳುತ್ತಾರಂತೆ ಎಂದಷ್ಟೇ ಅತ್ತೆಗೆ ಹೇಳಿ ಕರೆದುಕೊಂಡು ಹೋದೆವು.

ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ನಡುವಿನವರು ಕೇಳಿದರು: "ಅಮ್ಮ, ಕುದುರೆಗೆ ಏನು ಕೊಟ್ಟಿರಿ?"

"ಮನೇರಿಗೆ ಏನು ಮಾಡಿದ್ನೋ ಅದ್ನೇ. ಅದುಕ್ಕೇನು ಬ್ಯಾರೆ ಒಲೆ ಹಚ್ಚಕಾಯ್ತದಾ?"

"ಎಷ್ಟು ಕೊಟ್ಟಿರಿ?"

"ಎಷ್ಟು ಅಂದ್ರೆ? ಹಬ್ಬದ ದಿನ ಅಳೆದು ಬಡಿಸ್ತಾರಾ ಸ್ವಾಮಿ? ಸಾಕು ಅನ್ನೋಗಂಟ ಕೊಟ್ಟೆ. ಅದು ಸಾಕು ಅನ್ನಲೇ ಇಲ್ಲ."

ಪಕ್ಕದವರು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ನಡುವಿನವರು ನಗಲಿಲ್ಲ. ಗಸಗಸೆ ಹುರಿದಿರೋ, ನೆನೆಸಿದಿರೋ ಎಂದು ಒಂದೊಂದಾಗಿ ಕೇಳಿದರು. ಅತ್ತೆ ಸೊಸೆಗೆ ಕಲಿಸುವ ಹಾಗೆ ವಿವರವಾಗಿ ಹೇಳಿದರು. ಆಮೇಲೆ ನಡುವಿನವರು ತಮ್ಮವರೊಡನೆ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಅದರ ನಡುವೆ ಒಬ್ಬರು ಕನ್ನಡದಲ್ಲೇ ಅಫೀಮು ಎಂದದ್ದು ಕೇಳಿಸಿತು. ಅತ್ತೆ ಮಗನ ಕಡೆ ತಿರುಗಿದರು. ಮಗ ನೆಲ ನೋಡುತ್ತಿದ್ದರು. ಅತ್ತೆಯ ಮುಖದ ಬಣ್ಣ ಇಳಿದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ.

"ಕುದ್ರೆಗೇನೂ ಆಗ್ನಿಲ್ವಲ್ಲ ಸ್ವಾಮಿ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಕುದುರೆಗೇನೂ ಆಗಿಲ್ಲ ಅಮ್ಮ."

ಮೋಸವಲ್ಲ ಎಂದು ಒಪ್ಪಿದರು. ಗೆಲುವು ರದ್ದಾಯಿತು. ಲೈಸೆನ್ಸ್ ಉಳಿಯಿತು, ಆದರೆ ಮುಂದಿನ ಸೀಸನ್ ಮುಗಿಯುವವರೆಗೆ ಅಮಾನತು. ಅಷ್ಟು ದಿನ ನಮ್ಮ ಕುದುರೆಗಳು ಬೇರೆಯವರ ಲಾಯಕ್ಕೆ ಹೋಗಬೇಕು.

ಹೊರಗೆ ಬಂದಾಗ ಅತ್ತೆ ಕೇಳಿದರು: "ನಾನು ಹಂಗೆ ಬಾಯ್ಬುಟ್ಟಿದ್ದು ತಪ್ಪಾಯ್ತೇನ್ಲಾ?"

"ನೀನು ಹಂಗೆ ಹೇಳಿದ್ದುಕ್ಕೇ ಉಳ್ಕತು ಕಣವ್ವ" ಎಂದರು ಗಂಡ.

ಕುದುರೆಯ ಮಾಲೀಕರಾದ ಸಾಹೇಬರು ಲಾಯದ ಹತ್ತಿರ ಕಾಯುತ್ತಿದ್ದರು. "ಅಮ್ಮಾ, ಬಿರಿಯಾನಿಗೂ ಗಸಗಸೆ ಹಾಕ್ತೀವಿ ನಾವು. ಈದ್‌ಗೆ ಬಂದಿದ್ರೆ ನಮ್ಮನೇಲೇ ಸಿಕ್ಕಿಬೀಳ್ತಿತ್ತು ಇದು" ಎಂದು ಅವರನ್ನು ನಗಿಸಲು ನೋಡಿದರು. ಅತ್ತೆ ನಗಲಿಲ್ಲ. ಕುದುರೆಯನ್ನು ಆಗಲೇ ಸಾಗಿಸಲು ಹೊರಗೆ ತಂದಿದ್ದರು. ಹಗ್ಗ ಹಿಡಿದ ಹೊಸಬನಿಗೆ ಗಂಡ ಅದರ ಮುಂಗಾಲು ತೋರಿಸಿ, ಪಟ್ಟಿ ಎಲ್ಲಿ ಸುತ್ತಬೇಕೆಂದು ಹೇಳುತ್ತಿದ್ದರು.

ಅತ್ತೆ ದೂರದಲ್ಲೇ ನಿಂತರು. ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡು ಮಗನನ್ನು ಕೇಳಿದರು: "ಮುಟ್ಬೋದೇನಪ್ಪಾ?"