ಸುರೇಬಾನದ ಆಟೋದಲ್ಲಿ ಬಂದ ದನಿ

ರಾಮದುರ್ಗದ ಬಸ್ಸಿಗಾಗಿ ಕಾಯುತ್ತ ಸುರೇಬಾನದ ಚಹಾ ಅಂಗಡಿಯಲ್ಲಿ ಕುಳಿತಿದ್ದೆ. ಪಂಚಾಯಿತಿ ಚುನಾವಣೆಯ ಪ್ರಚಾರದ ಆಟೋ ಬಂದು ಎದುರಿಗೇ ನಿಂತಿತು. ಮೈಕಿನಲ್ಲಿ ಒಂದು ಗಡಸು ದನಿ, "ನನ್ನ ಹೆಂಡ್ತಿಗೆ ಓಟು ಹಾಕ್ರಿ, ನನ್ನ ಕೆಲಸ ಅಕಿ ಮುಂದುವರಸ್ತಾಳ" ಎಂದಿತು. ನಳದ ಬಳಿ ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ತಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡರು.

"ಈ ದನಿ ಪಂಚಾಯಿತಿ ಅಧ್ಯಕ್ಷರಾಗಿದ್ದ ಗೌಡ್ರದು. ಅವರು ತೀರಿಕೊಂಡು ವರ್ಷಾತ್ರಿ," ಎಂದರು ಅಂಗಡಿಯ ಹುಸೇನಸಾಬರು. "ಹಳೇ ಭಾಷಣ ಹಾಕಿ ಎಐನಾಗ ಈ ದನಿ ಮಾಡ್ಯಾರ. ಎಲ್ಲಾರಿಗೂ ಗೊತ್ತೈತಿ."

ಗೊತ್ತಿದ್ದೂ ಸೆರಗು ಕೆಳಗಿಳಿಯಲಿಲ್ಲ. ನಾನೂ ಚಾಚಿದ್ದ ಕಾಲು ಮಡಚಿಕೊಂಡಿದ್ದೆ.

ಆಟೋದಿಂದ ಗೌಡರ ಹೆಂಡತಿ ಶಾಂತಕ್ಕ ಇಳಿದರು. ಅವರೇ ಅಭ್ಯರ್ಥಿ. ಅವರ ತಲೆಯ ಮೇಲೂ ಸೆರಗಿತ್ತು. ಕೈಮುಗಿದು ಬಾಯಿ ತೆರೆದರು. ಮೈಕಿನಲ್ಲಿ ಗೌಡರ ದನಿ ಇನ್ನೂ ನಡೆದಿತ್ತು. ಚಾಲಕನತ್ತ ತಿರುಗಿದರು.

"ಅದನ್ನ ಬಂದ್ ಮಾಡಪಾ."

"ಇದರಿಂದನ ಓಟು ಬರ್ತಾವ್ರಿ, ಅಕ್ಕಾರ."

"ಬರಬಹುದು. ಆದ್ರ ಅವರ ಎದುರಿಗೆ ನಾ ನಾಕ ಮಂದ್ಯಾಗ ಎಂದೂ ಮಾತಾಡಿಲ್ಲ. ಈಗೂ ಆಗವಲ್ದು."

ದನಿ ನಿಂತಿತು. ಸಾಲಿನ ಕೊನೆಯಲ್ಲಿದ್ದ ಹೆಂಗಸೊಬ್ಬಳು ಕೊಡ ಕೆಳಗಿಟ್ಟು ಸೆರಗನ್ನು ಹೆಗಲಿಗೆ ಇಳಿಸಿದಳು.

"ಅವರನ್ನ ಕೇಳಾಕ ಧೈರ್ಯ ಇರಲಿಲ್ಲ, ನಿಮ್ಮನ್ನ ಕೇಳ್ತೇನ್ರಿ ಅಕ್ಕಾರ. ಈ ನಳಕ್ಕ ದಿನಾ ನೀರು ಬರೂ ಹಂಗ ಆಗೂದು ಯಾವಾಗ?"

"ನನಗ ಗೊತ್ತಿಲ್ಲವಾ," ಎಂದರು ಶಾಂತಕ್ಕ. ಅವಳ ಕೊಡದ ಪಕ್ಕದ ಕಲ್ಲಿನ ಮೇಲೆ ಕುಳಿತರು. "ಎಲ್ಲಿ ಅಡ್ಡಿ ಆಗೇತಿ, ನೀನ ಹೇಳು."

ಹುಸೇನಸಾಬರು ಚಹಾ ಸೋಸುವುದನ್ನು ನಿಲ್ಲಿಸಿದ್ದರು. "ಗೊತ್ತಿಲ್ಲ ಅನ್ನೂ ಮಾತು," ಎಂದರು ಮೆಲ್ಲಗೆ, "ಆ ಮನಿಯವರ ಬಾಯಾಗ ಇದ ಮೊದಲ ಕೇಳಿದ್ದು ನೋಡ್ರಿ."