ಒಡಪಿನ ದಾರಿಯಲ್ಲಿ ಮರಳಿದ ಮಾತು

ಬೆಳಗಿನ ಆರು ಗಂಟೆ. ಮಂಗಸೂಳಿಯ ದ್ರಾಕ್ಷಿ ಬೆಳೆಗಾರ ರಾವಸಾಹೇಬರ ಪಡಸಾಲೆಯಲ್ಲಿ ರೂಪಾಲಿ ಚಾಪೆಯ ಮೇಲೆ ಕುಳಿತಿದ್ದಾರೆ. ಎದುರಿಗೆ ಮನೆಯ ಯಜಮಾನತಿ ಕಸ್ತೂರೆವ್ವ. ರೂಪಾಲಿ ಒಂದು ಬಾಚಣಿಗೆ ಎತ್ತಿ ತೋರಿಸಿ ಸುಮ್ಮನಾಗುತ್ತಾರೆ. ಕಸ್ತೂರೆವ್ವನವರ ತುಟಿ ಅಲುಗುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಪಕ್ಕದಲ್ಲಿದ್ದ ಮಗ ಶಿವರಾಜ ಹೇಳಿಕೊಡಲು ಬಾಯಿ ತೆರೆದರೆ ರೂಪಾಲಿ ಕೈ ಅಡ್ಡ ಹಿಡಿಯುತ್ತಾರೆ. ಕೊನೆಗೆ ತಾಯಿಯೇ ‘ತಲಿ... ಬಾಚಣಿಗಿ’ ಎನ್ನುತ್ತಾರೆ. ಹೀಗೆ ಕಾಯುವುದೇ ಈ ಕೆಲಸದ ಮುಕ್ಕಾಲು ಪಾಲು.

ರೂಪಾಲಿ ಸ್ಪೀಚ್ ಥೆರಪಿಸ್ಟ್. ಮುಗಳಖೋಡದ ರೈತರ ಮನೆಯ ಮಗಳು. ಕಾಗವಾಡದ ಬಾಡಿಗೆ ಕೋಣೆಯೊಂದರಲ್ಲಿ ದಿನಕ್ಕೆ ಹತ್ತು ಹನ್ನೆರಡು ಮಂದಿಯನ್ನು ನೋಡುತ್ತಾರೆ: ಉಗ್ಗುವ ಹುಡುಗರು, ಮೂರು ವರ್ಷವಾದರೂ ‘ಅವ್ವ’ ಎನ್ನದ ಕೂಸುಗಳು, ಕೂಗಿ ಕೂಗಿ ದನಿ ಕೆಟ್ಟ ಶಿಕ್ಷಕರು. ಏಳಲಾರದವರ ಮನೆಗೆ ನಸುಕಿನಲ್ಲೇ ಸ್ಕೂಟಿ ಹತ್ತಿ ತಾವೇ ಹೋಗುತ್ತಾರೆ. ಹಲ್ಲು ನೋವೆಂದರೆ ಮಿರಜಿಗೆ ಓಡುವ ನಮ್ಮ ಜನ, ಮಗುವಿಗೆ ಮಾತು ತಡವಾದರೆ ಬಜೆ ತೇಯ್ದು ನೆಕ್ಕಿಸಿ ವರ್ಷಗಟ್ಟಲೆ ಕೂರುತ್ತಾರೆ. ಮೊದಮೊದಲು ರೂಪಾಲಿಯನ್ನು ಕಂಡವರು ನಗುತ್ತಿದ್ದರು. “ಸೂಜಿ ಇಲ್ಲ, ಗುಳಿಗಿ ಇಲ್ಲ, ಇಕಿ ಎಂಥಾ ಡಾಕ್ಟರ್ ಅಂತಿದ್ರು” ಎಂದು ಈಗ ರೂಪಾಲಿಯೇ ನಗುತ್ತಾರೆ.

ಕಸ್ತೂರೆವ್ವನವರಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ನಿಂತಿತು. ಆಕೆಗೆ ಬುದ್ಧಿಯೇ ಹೋಗಿದೆ ಎಂದು ಮನೆಯವರು ತೀರ್ಮಾನಿಸಿಬಿಟ್ಟರು. ಊಟಕ್ಕೆ ಕರೆಯುವುದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ನಲವತ್ತು ವರ್ಷ ಮನೆ ನಡೆಸಿದ ಹೆಂಗಸು ಕಂಡವರೆದುರು ಕೂಸಾಗಿಬಿಟ್ಟರು.

ರೂಪಾಲಿಯೂ ಆರಂಭದಲ್ಲಿ ಎಡವಿದರು. ಗಂಡನತ್ತ ಬೆರಳು ಮಾಡಿ ಇವರ ಹೆಸರೇನೆಂದು ದಿನವೂ ಕೇಳುತ್ತಿದ್ದರು. ಕಸ್ತೂರೆವ್ವ ತಲೆ ತಗ್ಗಿಸಿ ತುಟಿ ಬಿಗಿಯುತ್ತಿದ್ದರು. ಹತ್ತಿರದ ಹೆಸರೂ ಅಳಿಸಿಹೋಗಿದೆ, ಹಾನಿ ದೊಡ್ಡದೇ ಇರಬೇಕು ಎಂದು ರೂಪಾಲಿ ಕೈಚೆಲ್ಲುವ ಹೊತ್ತಿಗೆ ರಾವಸಾಹೇಬರೇ ಬಾಯಿಬಿಟ್ಟರು.

“ಚಲೋ ಇದ್ದಾಗನ ನನ್ನ ಹೆಸರ ಹಿಡದಾಕಿ ಅಲ್ಲರಿ. ಈಗ ನೀವು ಕೇಳಿದ್ರ ಹೇಳ್ತಾಳೇನು?”

ರೂಪಾಲಿಗೆ ನಗು, ನಾಚಿಕೆ ಒಟ್ಟಿಗೆ ಬಂದವು. ಗಂಡನ ಹೆಸರು ಹೇಳಬಾರದೆಂಬುದು ನೆನಪಿದೆ ಎಂದರೆ ತಿಳಿವಳಿಕೆ ಗಟ್ಟಿಯಾಗಿದೆ ಎಂದೇ ಅರ್ಥ. ಇಲ್ಲಿನ ಹೆಂಗಸರು ಆ ಹೆಸರು ಹೇಳುವುದು ಮದುವೆ ಮುಂಜಿಯಲ್ಲಿ, ಪ್ರಾಸ ಕಟ್ಟಿದ ಒಡಪಿನೊಳಗೆ ಮಾತ್ರ. ಮಾತು ಹೋದ ಎಷ್ಟೋ ಮಂದಿಗೆ ಹಾಡು, ಬಾಯಿಪಾಠ ಉಳಿದಿರುತ್ತವೆ ಎಂಬುದೂ ರೂಪಾಲಿಗೆ ಗೊತ್ತು. ಕಸ್ತೂರೆವ್ವನವರ ಎಡಗೈ ಹಿಡಿದು ತಾಳ ಹಾಕುತ್ತ, “ಬಾಗಲಿಗಿ ಕಟ್ಟೇನಿ ಮಾವಿನ ತೋರಣ” ಎಂದು ಹಳೆಯ ಒಡಪೊಂದನ್ನು ಎತ್ತಿಕೊಟ್ಟರು. ಕಸ್ತೂರೆವ್ವ ಮುಂದುವರಿಸಿ, “ರಾವಸಾಹೇಬರು ಈ ಮನೀಗಿ ಭೂಷಣ” ಎಂದರು. ರಾವಸಾಹೇಬರು ಟವೆಲಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದರು.

ಅಲ್ಲಿಂದ ಅದೇ ತಾಳದಲ್ಲಿ ‘ನೀರ ಕೊಡು’, ‘ಚಹಾ ಬೇಕು’ ಬಂದವು. ನಿಧಾನಕ್ಕೆ ತಾಳವನ್ನು ಬಿಡಿಸಿದರು. ಈಗ ಕಸ್ತೂರೆವ್ವ ತಡವರಿಸುತ್ತಲೇ ಕಾಯಿಪಲ್ಲೆಯವಳ ಜೊತೆ ಚೌಕಾಸಿಗಿಳಿಯುತ್ತಾರೆ. ಆಳಿಗೆ ಕೆಲಸ ಹೇಳುವ ಮುಂಚೆ ಶಿವರಾಜ ತಾಯಿಯನ್ನು ಕೇಳುತ್ತಾರೆ.

ಹೋದ ತಿಂಗಳು ಸೊಸೆ ಸ್ನೇಹಲಳ ಕುಬಸ, ಅಂದರೆ ಸೀಮಂತ, ಇತ್ತು. ಸಾಲಾಗಿ ಕೂತ ಹೆಂಗಸರು ಒಬ್ಬೊಬ್ಬರೇ ಒಡಪು ಹೇಳಿದರು. ಸರದಿ ಬಂದಾಗ ಪಾಪ, ಬ್ಯಾಡ ಬಿಡ್ರಿ ಎಂದು ಕಸ್ತೂರೆವ್ವನವರನ್ನು ದಾಟಿ ಮುಂದೆ ಹೋದರು. ಆಕೆ ಎಡಗೈ ಎತ್ತಿ ತಡೆದರು. ಎಲ್ಲರೂ ಕಾದರು. ಒಂದೊಂದೇ ಮಾತು ಹೆಕ್ಕಿ ಹೆಕ್ಕಿ ಹೇಳಿದರು:

“ಲಕ್ವಾ ಹೊಡದರೂ ಅಡಗಿಲ್ಲ ನನ್ನ ಸೊಲ್ಲ,
ರಾವಸಾಹೇಬರ ಮುಂದ ಸುಮ್ಮ ಕೂಡಾಕಿ ನಾ ಅಲ್ಲ.”

ಮನೆ ತುಂಬ ನಗು, ಚಪ್ಪಾಳೆ. ಬಾಗಿಲ ಬಳಿ ನಿಂತಿದ್ದ ರೂಪಾಲಿಗೆ ಮಾತ್ರ ಕಣ್ಣು ತುಂಬಿ ಬಂತಂತೆ. ಈ ಒಡಪನ್ನು ಎಷ್ಟು ದಿನ ಕಲಿಸಿದಿರಿ ಎಂದು ಅವರನ್ನು ಕೇಳುತ್ತೇನೆ.

“ಮೊದಲಿಂದು ಬಾಯಿಪಾಠ ಇತ್ತರಿ. ಇದು ಆಕೀನ ಕಟ್ಟಿದ್ದು” ಎನ್ನುತ್ತಾರೆ ರೂಪಾಲಿ. “ಇದರಾಗ ಒಂದ ಶಬ್ದನೂ ನಾ ಕಲಿಸಿಲ್ಲ.”