ನಮ್ಮ ಕಾಂಪೌಂಡಿನ ಹೊರಗಿನ ನಲ್ಲಿ

ಜಿಗಣಿಯಲ್ಲಿ ನಮ್ಮ ಕಾಂಪೌಂಡಿನ ಹೊರಗೆ ನನ್ನ ಮಾವನವರು ತೀರಿಹೋದ ತಮ್ಮ ತಾಯಿಯ ನೆನಪಿಗೆ ಅರವಟ್ಟಿಗೆ ಮಾಡಿಸಿದ್ದರು. ಮೊದಲೆಲ್ಲ ಬೇಸಿಗೆಗೆ ಎರಡು ಮಡಕೆ ಇಡುತ್ತಿದ್ದರಂತೆ. ಸುತ್ತ ಕಾರ್ಖಾನೆಗಳು ಬಂದು ನಾವು ಬಾಡಿಗೆ ಮನೆಗಳ ಮಾಲೀಕರಾದ ಮೇಲೆ ಸ್ಟೀಲ್ ಟ್ಯಾಂಕು, ಎರಡು ನಲ್ಲಿ, ಗ್ರಾನೈಟಿನಲ್ಲಿ ತಾಯಿಯ ಹೆಸರು. ನೀರು ನಮ್ಮದೇ ಬೋರ್‌ವೆಲ್ಲಿನದು. ಮನೆಯೊಳಗೆ ನಾವು ಕುಡಿಯುತ್ತಿದ್ದುದು ಕ್ಯಾನ್ ನೀರು. ಇದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ, ನನಗೂ.

ನನ್ನ ಕೆಲಸ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನೀರು ಪರೀಕ್ಷಿಸುವುದು. ಒಂದು ದಿನ ಸುಮ್ಮನೆ ನಮ್ಮ ನಲ್ಲಿಯ ನೀರನ್ನೂ ಒಯ್ದು ನೋಡಿದೆ. ಅದಕ್ಕೆ ಚರಂಡಿ ನೀರು ಸೇರಿತ್ತು.

ಮಾವನವರಿಗೆ ಹೇಳಿದೆ.

"ನಮ್ಮವ್ವನ ಎಸ್ರಲ್ಲಿ ಕೊಡೋ ನೀರು ಕಣಮ್ಮ. ಅದ್ಯಾಕೆ ಕೆಡ್ತದೆ?" ಎಂದರು.

ಮಾರನೆಯ ದಿನದಿಂದ, ಗಾರ್ಮೆಂಟ್ಸ್ ಹೆಂಗಸರು ಕೆಲಸಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ, ಮಾವನವರು ನಲ್ಲಿಯ ಮುಂದೆ ನಿಂತು ಎಲ್ಲರಿಗೂ ಕಾಣುವಂತೆ ಒಂದು ಚೊಂಬು ನೀರು ಕುಡಿಯತೊಡಗಿದರು. ಅವರ ಹೊಟ್ಟೆಗೆ ಏನೂ ಆಗಲಿಲ್ಲ. ಇದರಿಂದ ನನಗೆ, ನಿಜ ಹೇಳಬೇಕೆಂದರೆ, ಸ್ವಲ್ಪ ಬೇಸರವೇ ಆಯಿತು. 'ಕುಡಿಯಲು ಯೋಗ್ಯವಲ್ಲ' ಎಂದು ಬರೆದು ಅಂಟಿಸಿದೆ. ಜಾಗವಿದ್ದದ್ದು ಅವರ ತಾಯಿಯ ಹೆಸರಿನ ಕೆಳಗೆ ಮಾತ್ರ. ಮಧ್ಯಾಹ್ನಕ್ಕೆ ಕಾಗದ ಇರಲಿಲ್ಲ, ಎರಡು ದಿನ ಮನೆಯಲ್ಲಿ ಮಾತೂ ಇರಲಿಲ್ಲ. ಮನೆಯ ನೆಮ್ಮದಿ ಯಾಕೆ ಕೆಡಿಸಲಿ ಎಂದು ನಾನು ಮತ್ತೆ ಅಂಟಿಸುವ ಗೋಜಿಗೆ ಹೋಗಲಿಲ್ಲ.

ಮೂರು ವಾರ ಕಳೆಯಿತು. ದಿನಾ ಮಗಳ ಜೊತೆ ಬಂದು ಅವಳ ಸ್ಕೂಲ್ ಬಾಟಲಿ ತುಂಬಿಸುತ್ತಿದ್ದ ಗಾರ್ಮೆಂಟ್ಸ್ ಹೆಂಗಸೊಬ್ಬಳು ಒಂದು ಬೆಳಿಗ್ಗೆ ಒಬ್ಬಳೇ ಬಂದು ದೊಡ್ಡ ಬಾಟಲಿಗೆ ನೀರು ಹಿಡಿದಳು. ಮಗಳಿಗೆ ವಾಂತಿ ಭೇದಿ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾರೆ ಎಂದಳು.

"ಆಸ್ಪತ್ರೆ ನೀರು ನಂಬಕ್ಕಾಗಲ್ಲ ತಾತ. ಇದಾದ್ರೆ ದಿನಾ ನೀವೇ ಕುಡೀತೀರಲ್ಲ."

ಮಾವನವರು ಬಾಟಲಿ ಇಸಿದುಕೊಂಡು ನೀರನ್ನು ರಸ್ತೆಗೆ ಸುರಿದರು. ಒಳಗೆ ಹೋಗಿ ಕ್ಯಾನಿನಿಂದ ತುಂಬಿ ತಂದುಕೊಟ್ಟರು.

"ಇನ್ಮೇಲೆ ಈ ನಲ್ಲಿ ನೀರು ಬ್ಯಾಡ ಕಣವ್ವ. ಒಳಗ್ ಬಂದು ಇಸ್ಕೊಂಡೋಗು."

ಅವಳು ಹೋದ ಮೇಲೆ ಟ್ಯಾಂಕಿನ ವಾಲ್ವ್ ತಿರುಗಿಸಿ ಬಂದ್ ಮಾಡಿದರು. ಗೇಟಿನಲ್ಲಿ ನಿಂತಿದ್ದ ನನ್ನ ಕಡೆ ನೋಡಿದರು.

"ನಂಗೆ ಓದು ಬರಕಿಲ್ಲ. ನಾನು ಅವ್ವನ ಎಸ್ರು ಕೆಡಬಾರ್ದು ಅಂತ ನೋಡ್ದೆ. ನಿಂಗೆ ಗೊತ್ತಿತ್ತಲ್ಲಮ್ಮ, ನೀನ್ಯಾಕೆ ಸುಮ್ಕಾಗ್ಬಿಟ್ಟೆ?"

ದನಿಯಲ್ಲಿ ಸಿಟ್ಟಿರಲಿಲ್ಲ. ಡ್ಯೂಟಿಗೆ ಹೊತ್ತಾಗಿತ್ತು. ಹೋಗಿ, ಸಂಜೆಯವರೆಗೆ ಬೇರೆಯವರ ನೀರು ಪರೀಕ್ಷಿಸಿದೆ.